ಸುತ್ತಿಗೆ ಎಲ್ಲಿ ಬೀಳಬೇಕು?

ಪತ್ರ: ಕಳೆದ ಸಂಚಿಕೆಯಲ್ಲಿ ಕ್ಲೋಡ್ ಫ್ರಾನ್ಸ್ವಾ ಎಂಬ ಫ್ರೆಂಚ್ ಗಾಯಕನಿಗೆ ಎರಡು ಪುಟ ಕೊಟ್ಟಿದ್ದೀರಿ. ಅಮೆರಿಕದವರ ಟ್ಯೂನಿಗೆ ಫ್ರೆಂಚ್ ಮಾತು ತುಂಬಿ ಹಾಡಿದವನು ಕಲಾವಿದನೇ? ನಮ್ಮ ಕಡೆ ಇದಕ್ಕೆ ಕದ್ದ ಮಾಲು ಎನ್ನುತ್ತೇವೆ.
– ಒಬ್ಬ ಓದುಗರು, ಹಾಸನ

ಉತ್ತರ: ಕದ್ದವನು ಹೆಸರು ಮುಚ್ಚಿಡುತ್ತಾನೆ ಸ್ವಾಮಿ. ಈ ಗ್ರಾಮಫೋನ್ ತಟ್ಟೆಗಳ ಮೇಲೆ ಮೂಲ ಕರ್ತೃವಿನ ಹೆಸರು ಅಚ್ಚಾಗಿರುತ್ತಿತ್ತು. ಪ್ರಕಾಶಕರ ಒಪ್ಪಿಗೆ ಪಡೆದು, ರಾಯಲ್ಟಿ ಕಟ್ಟಿ ನಡೆಸುವ ವ್ಯವಹಾರ ಅದು. ನಾಲ್ಕು ಹಾಡಿನ ಚಿಕ್ಕ ತಟ್ಟೆ (ಇಪಿ) ತುಂಬಿಸಲು ಅವಸರದಲ್ಲಿ ಹೊಸೆದ ಜೊಳ್ಳು ಬೇಕಾದಷ್ಟಿದೆ, ಅಷ್ಟು ಒಪ್ಪಿದೆ.

ಆದರೆ 'ಮಾತು ತುಂಬಿ' ಎಂದು ಇಷ್ಟು ಸಲೀಸಾಗಿ ಬರೆದುಬಿಟ್ಟಿರಲ್ಲ! 1963ರ 'ಸಿ ಜಾವೆ ಅನ್ ಮಾರ್ತೊ' (ನನ್ನ ಬಳಿ ಸುತ್ತಿಗೆ ಇದ್ದಿದ್ದರೆ) ತೆಗೆದುಕೊಳ್ಳಿ. ಪೀಟ್ ಸೀಗರ್, ಲೀ ಹೇಸ್ ಬರೆದ 'ಇಫ್ ಐ ಹ್ಯಾಡ್ ಎ ಹ್ಯಾಮರ್' ಅದರ ಮೂಲ. ಎರಡೂ ಸಾಲನ್ನು ಬೆರಳು ಮಡಚಿ ಎಣಿಸಿ, ಆರಾರು ಉಚ್ಚಾರ (ಸಿಲಬಲ್). ಲೆಕ್ಕ ಸರಿಹೋಯಿತೆಂದು ಸುಮ್ಮನಾದರೆ ಕೆಟ್ಟಿರಿ. ಇಂಗ್ಲಿಷಿನಲ್ಲಿ ಒತ್ತು 'ಹ್ಯಾ' ಮೇಲೆ, ಅಂದರೆ ಐದನೆಯದಕ್ಕೆ. ಫ್ರೆಂಚಿನಲ್ಲಿ ಪದಗುಚ್ಛದ ಕೊನೆಗೇ ಒತ್ತು, ಹಾಗಾಗಿ 'ತೊ' ಮೇಲೆ, ಆರನೆಯದಕ್ಕೆ. ತಾಳ ಅಲ್ಲೇ ಇದೆ, ಮಾತಿನ ಪೆಟ್ಟು ಒಂದು ಮನೆ ಆಚೆ ಸರಿದಿದೆ. ಸಾಲಿನ ತುದಿಯಲ್ಲಿ ಎಳೆದು ಹಾಡಿ ಇದನ್ನು ಸರಿದೂಗಿಸಬೇಕು. ಇಲ್ಲವೇ ಮಾತಿನಲ್ಲಿ ನುಂಗಿಹೋಗುವ, ಹಾಡಿನಲ್ಲಿ ಮಾತ್ರ ಮೆಲ್ಲಗೆ ಕೇಳುವ ಕೊನೆಯ 'ಅ'ಕಾರದ ಪದ ಹುಡುಕಬೇಕು. ಎರಡೂ ಆಗದಿದ್ದರೆ ಇಡೀ ಸಾಲನ್ನೇ ಬೇರೆ ಕಟ್ಟಬೇಕು.

ಹಾಗೆ ಬೇರೆಯೇ ಕಟ್ಟಿದ್ದಕ್ಕೆ 1976ರ 'ಸೆತ್ ಆನೆ ಲಾ' (ಆ ವರ್ಷ) ಇದೆ. ಅಮೆರಿಕದ ಫೋರ್ ಸೀಸನ್ಸ್ ತಂಡದ ಮೂಲದಲ್ಲಿದ್ದದ್ದು 1963ರ ಡಿಸೆಂಬರಿನ ಒಂದು ರಾತ್ರಿಯ ಪ್ರಣಯ. ಎಡಿ ಮಾರ್ನೇ ಬರೆದ ಫ್ರೆಂಚ್ ಮಾತಿನಲ್ಲಿ ಅದು 1962, ಗಾಯಕ ಮೊದಲ ಸಲ ಹಾಡಿದ ವರ್ಷ. ಪ್ರಣಯ ಹೋಗಿ ನೆನಪು ಬಂತು. ಟ್ಯೂನ್ ತಾನು ಇದಕ್ಕೇ ಹುಟ್ಟಿದ್ದು ಅನ್ನುವಂತಿದೆ.

ಇನ್ನೊಂದು ಸಂಗತಿ ನಿಮಗೆ ಗೊತ್ತಿದ್ದರೆ ಪತ್ರದ ಬಿಸಿ ಸ್ವಲ್ಪ ಇಳಿಯುತ್ತಿತ್ತೇನೋ. ಝಾಕ್ ರೆವೊ ಜೊತೆ ಸೇರಿ ಇದೇ ಕ್ಲೋಡ್ ರಾಗ ಕೂಡಿಸಿದ 1967ರ 'ಕಾಮ್ ದಾಬಿತ್ಯೂದ್' (ಎಂದಿನಂತೆ) ಫ್ರೆಂಚರ ಸ್ವಂತ ಹಾಡು. ಬೆಳಿಗ್ಗೆ ಎದ್ದು, ಮಲಗಿರುವವಳಿಗೆ ಹೊದಿಕೆ ಎಳೆದು, ಎಂದಿನಂತೆ ದಿನ ದೂಡುವ ಸತ್ತ ಸಂಸಾರದ ಹಾಡು. ಗಾಯಕ ಪಾಲ್ ಆಂಕಾ ಅದರ ಹಕ್ಕು ಪಡೆದು ಇಂಗ್ಲಿಷ್ ಮಾತು ಬರೆದರು, ಅಮೆರಿಕದ ಗಾಯಕ ಫ್ರಾಂಕ್ ಸಿನಾತ್ರಾ ಹಾಡಿದರು, 'ಮೈ ವೇ' ಆಯಿತು. ಅದನ್ನು ಯಾರೂ ಕದ್ದ ಮಾಲು ಎನ್ನಲಿಲ್ಲ. ಸಾಲ ಇಂಗ್ಲಿಷಿಗೆ ಹೋದರೆ ಗೌರವ, ಇಂಗ್ಲಿಷಿನಿಂದ ಬಂದರೆ ಕಳ್ಳತನ!

ನನ್ನ ತಕರಾರು ಬೇರೆ ಕಡೆ ಇದೆ. ಹಾಡು ಬಂದರೆ ಗಾಯಕನ ಹೆಸರು, ಸಂಗೀತ ನಿರ್ದೇಶಕನ ಹೆಸರು, ನಮ್ಮಲ್ಲಾದರೆ ನಾಯಕನ ಹೆಸರೂ ಬರುತ್ತದೆ. ಮಾತು ಬರೆದವರಿಗೆ ಜಾಗವಿಲ್ಲ. ಮೇಲೆ ಹೇಳಿದ ಸುತ್ತಿಗೆಯ ಹಾಡಿಗೆ ಕ್ಲೋಡ್ ಜೊತೆ ಫ್ರೆಂಚ್ ಮಾತು ಕೂಡಿಸಿದಾಕೆ ವ್ಲೀನ್ ಬಗ್ಗಿ. ಆ ಕಾವ್ಯನಾಮ ಮೊದಲಿಗೆ ಇಬ್ಬರು ಸಹೋದರಿಯರದು. ನಮ್ಮ ಎರಡು ಪುಟದಲ್ಲಿ ಅವರ ಹೆಸರು ಒಂದು ಸಲವೂ ಬಂದಿಲ್ಲ. ನೀವು ನಮ್ಮನ್ನು ಬೈಯಬೇಕಿದ್ದದ್ದು ಅದಕ್ಕೆ.
– ಸಂಪಾದಕ