ಸೋಡಿಯಂ ಚಾನೆಲ್ ತಡೆದರೆ ನರದ ಸಂಕೇತ ನಿಲ್ಲುತ್ತದೆ, ಪೊಟ್ಯಾಸಿಯಂ ಚಾನೆಲ್ ತಡೆದರೆ ಏಕೆ ನಿಲ್ಲುವುದಿಲ್ಲ?

ಸಂಕೇತವನ್ನು ಹುಟ್ಟಿಸುವುದು ಸೋಡಿಯಂ. ಪೊಟ್ಯಾಸಿಯಂ ಬರುವುದು ಅದನ್ನು ಇಳಿಸುವುದಕ್ಕೆ. ಎರಡೂ ವಿದ್ಯುದಾವೇಶವಿರುವ ಕಣಗಳು, ಅಂದರೆ ಅಯಾನುಗಳು; ಅವು ಕೋಶಪೊರೆ ದಾಟುವ ಬಾಗಿಲುಗಳೇ ಚಾನೆಲ್‌ಗಳು. ನಾನು ಶರೀರಕ್ರಿಯಾಶಾಸ್ತ್ರ ಕಲಿಸುತ್ತೇನೆ, ಈ ಪ್ರಶ್ನೆ ತರಗತಿಯಲ್ಲಿ ಏಳದ ವರ್ಷವಿಲ್ಲ.

ಸುಮ್ಮನಿರುವ ನರಕೋಶದ ಒಳಗೆ ಸುಮಾರು -70 ಮಿಲಿವೋಲ್ಟ್ ಇರುತ್ತದೆ. ಪ್ರಚೋದನೆ ಸಿಕ್ಕಿ ಅದು -55ರ ಆಸುಪಾಸಿಗೆ ಬಂದರೆ ಒಂದಷ್ಟು ಸೋಡಿಯಂ ಚಾನೆಲ್‌ಗಳು ತೆರೆದುಕೊಳ್ಳುತ್ತವೆ. ಒಳನುಗ್ಗಿದ ಸೋಡಿಯಂ ಈ ವೋಲ್ಟೇಜನ್ನು, ಅಂದರೆ ವಿಭವವನ್ನು, ಏರಿಸುತ್ತದೆ, ಆ ಏರಿಕೆಯೇ ಇನ್ನಷ್ಟು ಚಾನೆಲ್‌ಗಳನ್ನು ತೆರೆಸುತ್ತದೆ. ಮಿಲಿಸೆಕೆಂಡಿನೊಳಗೆ ವಿಭವ +30ರ ಹತ್ತಿರ ಜಿಗಿದಿರುತ್ತದೆ. ಇದೇ ಕ್ರಿಯಾ ವಿಭವ. ಪಫರ್ ಮೀನಿನ ವಿಷ ಟೆಟ್ರೋಡೋಟಾಕ್ಸಿನ್ ಈ ಚಾನೆಲ್‌ನ ಬಾಯಿಯನ್ನು ಹೊರಗಿನಿಂದ ಮುಚ್ಚುವುದರಿಂದ ಜಿಗಿತ ಶುರುವಾಗುವುದೇ ಇಲ್ಲ.

ಇಳಿಕೆಗೆ ಮಾತ್ರ ಎರಡು ದಾರಿಗಳಿವೆ, ಎಡವುವುದು ಇಲ್ಲೇ. ತೆರೆದ ಸೋಡಿಯಂ ಚಾನೆಲ್‌ಗಳು ಮಿಲಿಸೆಕೆಂಡಿನಲ್ಲಿ ತಾವಾಗಿಯೇ ನಿಷ್ಕ್ರಿಯವಾಗುತ್ತವೆ. ಜೊತೆಗೆ, ತಡವಾಗಿ ತೆರೆಯುವ ಪೊಟ್ಯಾಸಿಯಂ ಚಾನೆಲ್‌ಗಳ ಮೂಲಕ ಪೊಟ್ಯಾಸಿಯಂ ಹೊರಹೋಗುತ್ತದೆ. ಟೆಟ್ರಾಎಥಿಲ್‌ಅಮೋನಿಯಂ ಎಂಬ ರಾಸಾಯನಿಕ ತಡೆಯುವುದು ಈ ಎರಡನೆಯದನ್ನು. ಹಾಗಾಗಿ ಏರಿಕೆ ಎಂದಿನಂತೆಯೇ ಆಗಿ, ಇಳಿಕೆ ಎಳೆಯುತ್ತಾ ಹೋಗುತ್ತದೆ. ಯಾವಾಗಲೂ ತೆರೆದಿರುವ ಸೋರಿಕೆ ಚಾನೆಲ್‌ಗಳು ಕೊನೆಗೆ ವಿಭವವನ್ನು ಹಳೆಯ ಮಟ್ಟಕ್ಕೆ ತರುತ್ತವೆ.

ಈ ಎಳೆತವೂ ಔಷಧಿಯಾಗಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲಿ ಮೈಲಿನ್ ಎಂಬ ಹೊದಿಕೆ ಕಳೆದುಕೊಂಡ ನರತಂತುವಿನಲ್ಲಿ ಸಂಕೇತ ಅರ್ಧ ದಾರಿಯಲ್ಲೇ ಸೊರಗುತ್ತದೆ. ಪೊಟ್ಯಾಸಿಯಂ ಚಾನೆಲ್ ತಡೆಯುವ 4-ಅಮಿನೋಪಿರಿಡಿನ್ ಕೊಟ್ಟರೆ ಸಂಕೇತ ಹೆಚ್ಚು ಹೊತ್ತು ಉಳಿದು ಮುಂದೆ ಸಾಗುತ್ತದೆ, ಕೆಲವರ ನಡಿಗೆ ಸುಧಾರಿಸುತ್ತದೆ.

ಅಂದಹಾಗೆ, ಇಳಿಕೆಯನ್ನು ಸೋಡಿಯಂ-ಪೊಟ್ಯಾಸಿಯಂ ಪಂಪ್ (ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಸಾಗಿಸುವ ಪ್ರೋಟೀನ್) ಮಾಡುತ್ತದೆ ಎಂದು ಉತ್ತರಪತ್ರಿಕೆಯಲ್ಲಿ ದಯವಿಟ್ಟು ಬರೆಯಬೇಡಿ. ಪಂಪ್ ನಿಲ್ಲಿಸಿದ ಮೇಲೂ ಸ್ಕ್ವಿಡ್‌ನ ದೈತ್ಯ ನರತಂತು ಸಾವಿರಾರು ಸಂಕೇತಗಳನ್ನು ಕಳುಹಿಸಬಲ್ಲದು. ಪಂಪ್ ಕಾಪಾಡುವುದು ಅಯಾನುಗಳ ದಾಸ್ತಾನನ್ನು.

ದಂತವೈದ್ಯರು ಚುಚ್ಚುವ ಲಿಡೋಕೇನ್ ಕೂಡ ಸೋಡಿಯಂ ಚಾನೆಲ್ ತಡೆಯುವ ಮದ್ದೇ, ಆದರೆ ಅದು ತಡೆಯುವುದು ಒಳಗಿನಿಂದ. ವಿದ್ಯುದಾವೇಶವಿಲ್ಲದ ರೂಪದಲ್ಲಿ ಕೋಶಪೊರೆ ದಾಟಿ, ಒಳಗೆ ಆವೇಶ ಪಡೆದು ಚಾನೆಲ್‌ಗೆ ಅಂಟುತ್ತದೆ. ಕೀವು ತುಂಬಿದ ಒಸಡಿನಲ್ಲಿ ಆಮ್ಲೀಯತೆ ಹೆಚ್ಚಿರುವುದರಿಂದ ಮದ್ದಿನ ಬಹುಪಾಲು ಹೊರಗೇ ಆವೇಶ ಪಡೆದುಬಿಡುತ್ತದೆ, ಪೊರೆ ದಾಟುವುದು ಕಡಿಮೆ. ಅಂಥ ಹಲ್ಲು ಸರಿಯಾಗಿ ಮರಗಟ್ಟದಿರುವುದಕ್ಕೆ ಇದೂ ಒಂದು ಕಾರಣ. ಆಗ ವೈದ್ಯರು ಸೋಂಕಿನಿಂದ ದೂರ, ಅದೇ ನರದ ಮೆದುಳಿನ ಕಡೆಯ ಭಾಗದ ಬಳಿ ಚುಚ್ಚುತ್ತಾರೆ.