ಫೋನಿಂದ ಕಂಪ್ಯೂಟರ್‌ಗೆ ಫೋಟೋ ಬರ್ತಿಲ್ಲ: ಕಾಸರಗೋಡಿನ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಫೋಟೋ ವಿಷಯವೇ ಜಾಸ್ತಿ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಹೆಚ್ಚುಕಡಿಮೆ ಒಂದೇ ಕಥೆ. ಮನೆಯಲ್ಲಿ ಒಬ್ಬರಿಗೆ ಐಫೋನ್, ಇನ್ನೊಬ್ಬರಿಗೆ ಆಂಡ್ರಾಯ್ಡ್, ಚಾವಡಿಯ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್, ಗಲ್ಫ್‌ನಲ್ಲೋ ಬೆಂಗಳೂರಲ್ಲೋ ಇರುವ ಮಕ್ಕಳ ಹತ್ತಿರ ಮತ್ತೊಂದು ತರಹದ್ದು. ಒಂದರಲ್ಲಿದ್ದದ್ದು ಇನ್ನೊಂದಕ್ಕೆ ಹೋಗುವುದಿಲ್ಲ, ಹೋದರೆ ತೆರೆಯುವುದಿಲ್ಲ. ಹಾಗಾಗಿ ಈ ಸಂಚಿಕೆಯ ಜಾಗ ಪೂರ್ತಿ ಫೋಟೋಗಳಿಗೆ. ಪ್ರಶ್ನೆಗಳು ಬೇರೆ ಬೇರೆ, ಆದರೆ ನಾನು ಹೇಳುವುದು ಒಂದೇ: ಮೊದಲು ಮೂಲ ಫೈಲ್ ಕೈಗೆ ಬರಲಿ. ಕ್ಯಾಮರಾ ಬರೆದ ಆ ಫೈಲ್ ಇದ್ದರೆ ಉಳಿದದ್ದನ್ನೆಲ್ಲ ಆಮೇಲೆ ನಿಧಾನಕ್ಕೆ ಮಾಡಿಕೊಳ್ಳಬಹುದು.

ಪ್ರಶ್ನೆ: ಮಗ ದುಬೈಯಿಂದ ರಜೆಗೆ ಬಂದಿದ್ದ. ತಂಗಿಯ ಮದುವೆಯ ಫೋಟೋ ಎಲ್ಲ ಅವನ ಐಫೋನ್‌ನಲ್ಲಿದೆ. ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ಕಾಪಿ ಮಾಡಿದರೆ ಅರ್ಧದಲ್ಲಿ ನಿಂತು ಏನೋ ತಪ್ಪು ತೋರಿಸುತ್ತದೆ. ಬಂದಷ್ಟು ಫೋಟೋಗಳಲ್ಲೂ ಕೆಲವು ತೆರೆಯುವುದಿಲ್ಲ, ಹೆಸರಿನ ಕೊನೆಗೆ ಎಚ್‌ಇಐಸಿ ಅಂತ ಇದೆ. ಫೋನ್ ಹಾಳಾಗಿದೆಯಾ?
ಒಬ್ಬ ತಂದೆ, ಪೆರ್ಲ

ಉತ್ತರ: ಫೋನೂ ಹಾಳಾಗಿಲ್ಲ, ಫೋಟೋಗಳೂ ಹಾಳಾಗಿಲ್ಲ. 2017ರಲ್ಲಿ ಐಒಎಸ್ 11 (ಐಫೋನ್ ನಡೆಸುವ ಸಾಫ್ಟ್‌ವೇರ್) ಬಂದಾಗಿನಿಂದ ಐಫೋನ್‌ಗಳು ಫೋಟೋಗಳನ್ನು ಜೆಪಿಜಿ ಬದಲು ಎಚ್‌ಇಐಸಿ ಎನ್ನುವ ರೂಪದಲ್ಲಿ ಉಳಿಸುತ್ತಿವೆ. ಅದೇ ಗುಣಮಟ್ಟದ ಫೋಟೋ ಸುಮಾರು ಅರ್ಧ ಜಾಗದಲ್ಲಿ ಹಿಡಿಯುತ್ತದೆ, ಅದಕ್ಕೆ. ತೊಂದರೆ ಏನೆಂದರೆ ಹಳೇ ಕಂಪ್ಯೂಟರ್‌ಗಳಿಗೆ ಈ ರೂಪ ಗೊತ್ತಿಲ್ಲ.

ಅರ್ಧದಲ್ಲಿ ನಿಲ್ಲುವುದಕ್ಕೂ ಬಹಳ ಸಲ ಇದೇ ಕಾರಣ. ಫೋಟೋ ಕೇಬಲ್ ಮೂಲಕ ಹೋಗುವಾಗಲೇ ಐಫೋನ್ ಅದನ್ನು ಜೆಪಿಜಿಗೆ ಬದಲಾಯಿಸಲು ನೋಡುತ್ತದೆ, ನೂರಾರು ಫೋಟೋ ಒಟ್ಟಿಗೆ ಎಳೆದಾಗ ಆ ಕೆಲಸ ಹಿಂದೆ ಬೀಳುತ್ತದೆ, ವಿಂಡೋಸ್ ಕಾಯದೆ ಕೈಬಿಡುತ್ತದೆ. ಇದನ್ನು ನಿಲ್ಲಿಸಬಹುದು. ಐಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಫೋಟೋಸ್‌ಗೆ ಹೋಗಿ (ಐಒಎಸ್ 18ರಿಂದ ಅದು ಆ್ಯಪ್ಸ್ ಎಂಬುದರ ಒಳಗೆ ಸೇರಿದೆ). ಕೆಳಗಿನ ತುದಿಯಲ್ಲಿ 'ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ' ಅಂತ ಇರುತ್ತದೆ. ಅಲ್ಲಿ 'ಆಟೊಮ್ಯಾಟಿಕ್' ಇದ್ದದ್ದನ್ನು 'ಕೀಪ್ ಒರಿಜಿನಲ್ಸ್' ಮಾಡಿ. ಆಮೇಲೆ ಫೋನಿನ ಲಾಕ್ ತೆಗೆದು, ಈ ಕಂಪ್ಯೂಟರ್ ನಂಬಬಹುದಾ ಎಂದು ಕೇಳಿದಾಗ ಒಪ್ಪಿ, ಮತ್ತೆ ಕಾಪಿ ಮಾಡಿ. ಎಲ್ಲ ಒಟ್ಟಿಗೆ ಬೇಡ, ಒಂದೊಂದು ಫೋಲ್ಡರ್ ಆಗಿ ತೆಗೆಯಿರಿ.

ಈಗ ಬರುವುದೆಲ್ಲ ಎಚ್‌ಇಐಸಿ. ವಿಂಡೋಸ್ 10 ಅಥವಾ 11 ಇದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ 'ಹೆಚ್‌ಇಐಎಫ್ ಇಮೇಜ್ ಎಕ್ಸ್‌ಟೆನ್ಷನ್ಸ್' ಅಂತ ಹುಡುಕಿ ಹಾಕಿಕೊಳ್ಳಿ. ಅದು ಪುಕ್ಕಟೆ. ಅದು ಹಾಕಿದ ಮೇಲೂ ಕೆಲವು ತೆರೆಯದಿದ್ದರೆ ಅದರ ಜೊತೆಗೆ ಎಚ್‌ಇವಿಸಿ ವಿಡಿಯೋ ಎಕ್ಸ್‌ಟೆನ್ಷನ್ ಕೂಡ ಬೇಕಾಗುತ್ತದೆ, ಅದಕ್ಕೆ ಸ್ವಲ್ಪ ದುಡ್ಡಿದೆ.

ಇನ್ನೂ ಎರಡು ವಿಷಯ, ಇವನ್ನು ಯಾರೂ ಹೇಳುವುದಿಲ್ಲ. ಒಂದೇ ಹೆಸರಿನಲ್ಲಿ ಒಂದು ಫೋಟೋ ಮತ್ತು ಒಂದು ಪುಟ್ಟ ವಿಡಿಯೋ ಇದ್ದರೆ ಅದು ಡಬಲ್ ಆದದ್ದಲ್ಲ, ಲೈವ್ ಫೋಟೋದ (ಒಂದೆರಡು ಕ್ಷಣ ಚಲಿಸುವ ಫೋಟೋ) ಎರಡು ಭಾಗ. ಅಳಿಸಬೇಡಿ. ಮತ್ತೆ, ಮಗ ಐಕ್ಲೌಡ್‌ನಲ್ಲಿ (ಆಪಲ್‌ನ ಇಂಟರ್ನೆಟ್ ಸಂಗ್ರಹ) 'ಆಪ್ಟಿಮೈಸ್ ಐಫೋನ್ ಸ್ಟೋರೇಜ್' ಇಟ್ಟಿದ್ದರೆ ಎಲ್ಲ ಮೂಲ ಫೋಟೋಗಳು ಫೋನಿನೊಳಗೆ ಇರುವುದೇ ಇಲ್ಲ. ಪರದೆಯಲ್ಲಿ ಕಾಣುತ್ತವೆ, ಕೇಬಲ್‌ನಲ್ಲಿ ಬರುವುದಿಲ್ಲ. ಆಗ ಬ್ರೌಸರ್‌ನಲ್ಲಿ ಐಕ್ಲೌಡ್‌ಗೆ ಹೋಗಿ ಇಳಿಸಿಕೊಳ್ಳಬೇಕು. ಇದನ್ನು ಮಗ ದುಬೈಯಲ್ಲಿದ್ದುಕೊಂಡೇ ಮಾಡಬಹುದು.

ಇನ್ನು ಮುಂದೆ ಈ ಗೋಳೇ ಬೇಡ ಎಂದಾದರೆ ಸೆಟ್ಟಿಂಗ್ಸ್, ಕ್ಯಾಮರಾ, ಫಾರ್ಮ್ಯಾಟ್ಸ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿ. ಅಲ್ಲಿಂದ ಮುಂದೆ ತೆಗೆದ ಫೋಟೋಗಳು ಜೆಪಿಜಿಯಾಗಿಯೇ ಇರುತ್ತವೆ. ಜಾಗ ಜಾಸ್ತಿ ಹೋಗುತ್ತದೆ, ಆದರೆ ಹತ್ತು ಜನರಿಗೆ ಹಂಚುವ ಮನೆಯಲ್ಲಿ ನಾನು ಇದನ್ನೇ ಹೇಳುತ್ತೇನೆ.

ಪ್ರಶ್ನೆ: ನಮ್ಮ ಅಜ್ಜಿ ಹೋಗಿ ಒಂದು ವರ್ಷ ಆಗುತ್ತಾ ಬಂತು. ಅವರ ಒಂದು ಒಳ್ಳೆಯ ಫೋಟೋ ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಬೇಕು. ಸ್ಟುಡಿಯೋದವರು ಇದು ಕ್ಲಿಯರ್ ಬರುವುದಿಲ್ಲ ಅಂದರು. ಫೋನಿನಲ್ಲಿ ನೋಡಿದರೆ ಚೆನ್ನಾಗಿಯೇ ಇದೆ.
ಮೊಮ್ಮಗಳು, ಕುಂಬಳೆ

ಉತ್ತರ: ಫ್ಯಾಮಿಲಿ ಗ್ರೂಪಿನಲ್ಲಿ ಬಂದ ಫೋಟೋ ಇರಬೇಕು, ಅಲ್ವಾ? ಸ್ಟುಡಿಯೋದವರು ಹೇಳಿದ್ದು ಸರಿ. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಮಾಮೂಲಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ (ಫೋಟೋ ಆಗುವ ಪುಟ್ಟ ಚುಕ್ಕಿಗಳು) ಇಳಿಯುತ್ತದೆ. ಚೆನ್ನಾಗಿ ಪ್ರಿಂಟ್ ಬರಬೇಕಾದರೆ ಇಂಚಿಗೆ 300 ಪಿಕ್ಸೆಲ್ ಬೇಕು ಎನ್ನುವುದು ಸ್ಟುಡಿಯೋಗಳ ಲೆಕ್ಕ. 12x18 ಇಂಚಿನ ಫ್ರೇಮ್‌ಗೆ ಆ ಲೆಕ್ಕದಲ್ಲಿ ಉದ್ದಕ್ಕೆ 5400 ಬೇಕು. ನಿಮ್ಮ ಹತ್ತಿರ ಇರುವುದರಲ್ಲಿ ಇಂಚಿಗೆ 90 ಕೂಡ ಸಿಗುವುದಿಲ್ಲ. ಫೋನಿನ ಪರದೆ ಚಿಕ್ಕದು, ಅದಕ್ಕೆ ಅಲ್ಲಿ ಗೊತ್ತಾಗುವುದಿಲ್ಲ. ಅದೇ ಫೋಟೋವನ್ನು 5x7 ಇಂಚಿಗೆ ಪ್ರಿಂಟ್ ಹಾಕಿಸಿದರೆ ಪರವಾಗಿಲ್ಲ.

ಹಾಗಾಗಿ ಈಗ ಮಾಡಬೇಕಾದ ಕೆಲಸ ಫೋಟೋ ತೆಗೆದವರನ್ನು ಹುಡುಕುವುದು. ಗ್ರೂಪಿನಲ್ಲಿ ಹಾಕಿದವರೇ ತೆಗೆದವರು ಎಂದೇನಿಲ್ಲ, ಅವರಿಗೂ ಇನ್ನೊಬ್ಬರಿಂದ ಬಂದಿರಬಹುದು. ಅತ್ತೆಯಾ, ಭಾವನಾ, ದೊಡ್ಡಪ್ಪನ ಮಗನಾ, ಕೇಳುತ್ತಾ ಹೋಗಿ. ಅವರು ಆ ಫೋನ್ ಬದಲಾಯಿಸಿದ್ದರೆ ಅವರ ಗೂಗಲ್ ಫೋಟೋಸ್ ತೆರೆದು ಆ ದಿನಕ್ಕೆ ಹೋಗಿ ನೋಡಲು ಹೇಳಿ. ಸಿಕ್ಕಿದರೆ ಫೋಟೋ ಆಗಿ ಕಳಿಸುವುದು ಬೇಡ. ವಾಟ್ಸಾಪ್‌ನಲ್ಲಿ ಪೇಪರ್ ಕ್ಲಿಪ್ ಚಿಹ್ನೆ ಒತ್ತಿ 'ಡಾಕ್ಯುಮೆಂಟ್' ಆರಿಸಿ ಕಳಿಸಲಿ. ಹಾಗೆ ಕಳಿಸಿದ್ದನ್ನು ವಾಟ್ಸಾಪ್ ಮುಟ್ಟುವುದಿಲ್ಲ, ಇದ್ದ ಹಾಗೇ ಬರುತ್ತದೆ, ತೆಗೆದ ದಿನ ಮತ್ತು ಹೊತ್ತು ಕೂಡ ಫೈಲ್ ಒಳಗೆ ಉಳಿಯುತ್ತದೆ. 2023ರಿಂದ ಎಚ್‌ಡಿ ಎನ್ನುವ ಆಯ್ಕೆಯೂ ಇದೆ, ಮಾಮೂಲಿಗಿಂತ ಎಷ್ಟೋ ವಾಸಿ, ಆದರೆ ಅದೂ ಮೂಲ ಅಲ್ಲ.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಮಸುಕಾದ ಫೋಟೋವನ್ನು ಕ್ಲಿಯರ್ ಮಾಡಿಕೊಡುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಅವು ಇಲ್ಲದ ವಿವರವನ್ನು ಊಹಿಸಿ ಬರೆಯುತ್ತವೆ. ಹೂವಿನ ತೋಟಕ್ಕೆ ಅದು ನಡೆಯುತ್ತದೆ. ಅಜ್ಜಿಯ ಮುಖಕ್ಕೆ ಬೇಡ. ಕಣ್ಣಿನ ಹತ್ತಿರದ ಗೆರೆ, ಮೂಗುತಿ, ನಗುವಾಗಿನ ತುಟಿ ಎಲ್ಲ ಬೇರೆಯವರದ್ದಾಗಿಬಿಡುತ್ತದೆ. ಮೂಲ ಸಿಗದೇ ಹೋದರೆ ಫ್ರೇಮ್ ಚಿಕ್ಕದು ಮಾಡಿಸಿ, ಅಜ್ಜಿ ಅಜ್ಜಿಯಾಗಿಯೇ ಇರಲಿ.

ಪ್ರಶ್ನೆ: ಹಳೇ ಒಲಿಂಪಸ್ ಕ್ಯಾಮರಾದಲ್ಲಿ ತೆಗೆದ ಯಕ್ಷಗಾನದ ಫೋಟೋಗಳ ಕಾರ್ಡ್ ಇದೆ. ಎಕ್ಸ್‌ಡಿ ಅಂತ ಬರೆದಿದೆ. ಕಾಸರಗೋಡು ಪೇಟೆಯಲ್ಲಿ ಯಾವ ಅಂಗಡಿಯ ರೀಡರ್‌ಗೂ ಅದು ಹೋಗುವುದಿಲ್ಲ.
ಮೇಳದ ಅಭಿಮಾನಿ, ಮುಳ್ಳೇರಿಯ

ಉತ್ತರ: ಎಕ್ಸ್‌ಡಿ ಕಾರ್ಡ್ ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್ ಸೇರಿ 2002ರಲ್ಲಿ ತಂದದ್ದು. 2 ಜಿಬಿಗಿಂತ ದೊಡ್ಡದು ಬರಲೇ ಇಲ್ಲ. ಆಮೇಲೆ ಅವರೇ ಎಸ್‌ಡಿ ಕಾರ್ಡ್‌ಗೆ ಬದಲಾದರು. ಈಗಿನ ರೀಡರ್‌ಗಳಲ್ಲಿ ಅದರ ಕಿಂಡಿ ಇಲ್ಲದಿರುವುದು ಅದಕ್ಕೆ.

ಎರಡು ದಾರಿ ಇದೆ. ಕ್ಯಾಮರಾ ಇನ್ನೂ ಆನ್ ಆಗುತ್ತದಾ? ಹಾಗಾದರೆ ಕ್ಯಾಮರಾವೇ ರೀಡರ್. ಅದರ ಜೊತೆ ಬಂದ ಕೇಬಲ್ ಹುಡುಕಿ, ಒಲಿಂಪಸ್‌ನ ಹಲವು ಮಾಡೆಲ್‌ಗಳಿಗೆ ಅದು ಬೇರೆಯದೇ ತರಹದ್ದು, ಫೋನ್ ಚಾರ್ಜರ್ ಕೇಬಲ್ ಹೊಂದುವುದಿಲ್ಲ. ಕ್ಯಾಮರಾ ಹೋಗಿದ್ದರೆ 2005ರಿಂದ 2010ರ ಹೊತ್ತಿನ 'ಆಲ್ ಇನ್ ಒನ್' ಕಾರ್ಡ್ ರೀಡರ್ ಬೇಕು. ಹೊಸ ಮೊಬೈಲ್ ಅಂಗಡಿಯಲ್ಲಿ ಕೇಳಿ ಪ್ರಯೋಜನವಿಲ್ಲ. ಹಳೇ ಫೋಟೋ ಸ್ಟುಡಿಯೋಗಳಲ್ಲಿ ಕೇಳಿ, ಮಂಗಳೂರಿಗೆ ಹೋದಾಗ ಅಲ್ಲಿಯೂ ವಿಚಾರಿಸಿ. ಅವರ ಮೇಜಿನ ಡ್ರಾಯರ್‌ನಲ್ಲಿ ಇಂಥದ್ದು ಉಳಿದಿರುತ್ತದೆ.

ಕಾರ್ಡ್ ಹಾಕಿದ ಕೂಡಲೇ 'ಫಾರ್ಮ್ಯಾಟ್ ಮಾಡಲಾ' ಎಂದು ಕೇಳಿದರೆ ಬೇಡ ಅನ್ನಿ, ಮಾಡಿದರೆ ಒಳಗಿದ್ದದ್ದು ಅಳಿಸಿಹೋಗುತ್ತದೆ. ಅಂಗಡಿಯವರಿಗೂ ಮೊದಲೇ ಹೇಳಿಡಿ. ಆ ಕಾರ್ಡ್‌ನಲ್ಲಿ ಇನ್ನು ಹೊಸ ಫೋಟೋ ತೆಗೆಯಲೂ ಬೇಡಿ. ಚೌಕಿಯಲ್ಲಿ ಬಣ್ಣ ಹಾಕಿಕೊಳ್ಳುತ್ತಿರುವ ಕಲಾವಿದರ ಫೋಟೋ ಅದರಲ್ಲಿದ್ದರೆ, ಅವರಲ್ಲಿ ಕೆಲವರು ಈಗ ಇರಲಿಕ್ಕಿಲ್ಲ. ಕಾಪಿ ಸಿಕ್ಕಿದ ಮೇಲೆ ಅವರ ಮನೆಯವರಿಗೂ ಒಂದೊಂದು ಕೊಡಿ.

ಪ್ರಶ್ನೆ: ಹಳೇ ಫೋನಿನ ಮೆಮೊರಿ ಕಾರ್ಡ್ ತೆಗೆದು ಕಂಪ್ಯೂಟರ್‌ಗೆ ಹಾಕಿದರೆ ಖಾಲಿ ತೋರಿಸುತ್ತದೆ, ಫಾರ್ಮ್ಯಾಟ್ ಮಾಡು ಅನ್ನುತ್ತದೆ. ಫೋನಿನಲ್ಲಿ ಫೋಟೋ ಎಲ್ಲ ಕಾಣುತ್ತಿತ್ತು.
ಓದುಗರು, ನೀರ್ಚಾಲು

ಉತ್ತರ: ಫಾರ್ಮ್ಯಾಟ್ ಮಾಡಬೇಡಿ! ಆ ಕಾರ್ಡನ್ನು ಫೋನಿಗೆ ಹಾಕುವಾಗ 'ಇಂಟರ್ನಲ್ ಸ್ಟೋರೇಜ್' ಆಗಿ ಮಾಡಿರಬೇಕು. ಆಗ ಆಂಡ್ರಾಯ್ಡ್ ಅದಕ್ಕೆ ಬೀಗ ಹಾಕಿ ಕೀಲಿಯನ್ನು ಆ ಫೋನಿನೊಳಗೇ ಇಟ್ಟುಕೊಳ್ಳುತ್ತದೆ. ಬೇರೆ ಯಾವುದರಲ್ಲೂ ಅದು ಓದುವುದಿಲ್ಲ. ಕಾರ್ಡನ್ನು ಅದೇ ಫೋನಿಗೆ ಮರಳಿ ಹಾಕಿ, ಫೋನಿಗೆ ಕೇಬಲ್ ಚುಚ್ಚಿ ಕಾಪಿ ಮಾಡಿ. ಅಲ್ಲಿಯವರೆಗೆ ಆ ಫೋನನ್ನು ರೀಸೆಟ್ ಮಾಡಬೇಡಿ, ಮಾರಲೂ ಬೇಡಿ. ಕೇಬಲ್ ಹಾಕಿದಾಗ ಚಾರ್ಜ್ ಮಾತ್ರ ಆದರೆ ಮೇಲಿನಿಂದ ನೋಟಿಫಿಕೇಶನ್ ಎಳೆದು 'ಫೈಲ್ ಟ್ರಾನ್ಸ್‌ಫರ್' ಆರಿಸಿ. ಆಗಲೂ ಬಾರದಿದ್ದರೆ ಕೇಬಲ್ ಬದಲಾಯಿಸಿ, ಕಡಿಮೆ ಬೆಲೆಯ ಎಷ್ಟೋ ಕೇಬಲ್‌ಗಳಲ್ಲಿ ಚಾರ್ಜಿನ ತಂತಿ ಬಿಟ್ಟರೆ ಬೇರೆ ಇರುವುದೇ ಇಲ್ಲ.

ಪ್ರಶ್ನೆ: ಮಗಳು ಬೆಂಗಳೂರಲ್ಲಿ ಮ್ಯಾಕ್ ಬುಕ್ ಬಳಸುತ್ತಾಳೆ. ಮನೆಯಲ್ಲಿ ವಿಂಡೋಸ್. ಒಂದು ಹಾರ್ಡ್ ಡಿಸ್ಕ್ ತೆಗೆದುಕೊಂಡೆವು. ಅವಳಿಗೆ ಅದರಲ್ಲಿರುವ ಫೋಟೋ ಕಾಣುತ್ತದೆ, ಅವಳ ಫೋಟೋ ಅದಕ್ಕೆ ಹಾಕಲು ಆಗುವುದಿಲ್ಲ. ಟಿವಿಗೆ ಹಾಕಿದರೆ ಏನೂ ಕಾಣುವುದಿಲ್ಲ.
ಒಬ್ಬ ತಾಯಿ, ಉಪ್ಪಳ

ಉತ್ತರ: ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಕ್ರಮಗಳು ಬೇರೆ ಬೇರೆ ಇವೆ. ನಿಮ್ಮ ಡಿಸ್ಕ್ ವಿಂಡೋಸ್‌ನ ಕ್ರಮವಾದ ಎನ್‌ಟಿಎಫ್‌ಎಸ್‌ನಲ್ಲಿದೆ. ಮ್ಯಾಕ್ ಅದನ್ನು ಓದುತ್ತದೆ, ಬರೆಯುವುದಿಲ್ಲ. ಎರಡಕ್ಕೂ ಸರಿಹೋಗುವುದು ಎಕ್ಸ್‌ಫ್ಯಾಟ್ ಎನ್ನುವ ಕ್ರಮ. ಅದಕ್ಕೆ ಬದಲಾಯಿಸಲು ಫಾರ್ಮ್ಯಾಟ್ ಮಾಡಬೇಕು, ಮಾಡಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ಕಂಪ್ಯೂಟರ್‌ಗೆ ಕಾಪಿ ಮಾಡಿ, ನಾಲ್ಕಾರು ಫೋಟೋ ತೆರೆದು ನೋಡಿ, ಆಮೇಲೆ ವಿಂಡೋಸ್‌ನಲ್ಲಿ ಡಿಸ್ಕ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಫ್ಯಾಟ್ ಆರಿಸಿ ಫಾರ್ಮ್ಯಾಟ್ ಮಾಡಿ. ಎಕ್ಸ್‌ಫ್ಯಾಟ್ ಸ್ವಲ್ಪ ಸೂಕ್ಷ್ಮ. ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಎನ್‌ಟಿಎಫ್‌ಎಸ್‌ನ ಹಾಗೆ ಸುಧಾರಿಸಿಕೊಳ್ಳುವುದಿಲ್ಲ. ತೆಗೆಯುವ ಮೊದಲು ಪ್ರತಿ ಸಲ 'ಇಜೆಕ್ಟ್' ಕೊಡಲೇಬೇಕು. ಕರೆಂಟ್ ಹೋಗಿ ಬರುವ ಹೊತ್ತಿನಲ್ಲಿ, ಅಕ್ಟೋಬರ್‌ನ ಸಂಜೆ ಗುಡುಗುವಾಗ, ಕಾಪಿಗೆ ಕೂರಲೇಬೇಡಿ.

ಟಿವಿಗೆ ಬೇರೆಯೇ ಒಂದು ಚಿಕ್ಕ ಪೆನ್‌ಡ್ರೈವ್ ಇಡಿ. ಅದನ್ನು ಫ್ಯಾಟ್32 ಎನ್ನುವ ಹಳೇ ಕ್ರಮಕ್ಕೆ ಫಾರ್ಮ್ಯಾಟ್ ಮಾಡಿ, ಜೆಪಿಜಿ ಫೋಟೋ ಮಾತ್ರ ಹಾಕಿ. ಹಳೇ ಟಿವಿಗಳಿಗೆ ಅಷ್ಟೇ ಗೊತ್ತಿರುವುದು. ಅದರಲ್ಲಿ 4 ಜಿಬಿಗಿಂತ ದೊಡ್ಡ ವಿಡಿಯೋ ಹಿಡಿಯುವುದಿಲ್ಲ. ಫೋಲ್ಡರ್ ಹೆಸರು ಕನ್ನಡದಲ್ಲಿ ಬರೆದರೆ ಮ್ಯಾಕ್, ವಿಂಡೋಸ್ ಎರಡರಲ್ಲೂ ಸರಿಯಾಗಿ ಕಾಣುತ್ತದೆ, ಟಿವಿಯಲ್ಲಿ ಮಾತ್ರ ಬರೀ ಚೌಕಗಳು ಬರಬಹುದು. ಹೆಸರಿನ ಮುಂದೆ ವರ್ಷ, ತಿಂಗಳು ಅಂಕೆಯಲ್ಲಿ ಹಾಕಿ, 2024-05 ಮದುವೆ, ಹೀಗೆ. ಎಲ್ಲಿ ತೆರೆದರೂ ತನ್ನಷ್ಟಕ್ಕೆ ಸಾಲಾಗಿ ನಿಲ್ಲುತ್ತದೆ.

ಇನ್ನೊಂದು ಡಿಸ್ಕ್ ತೆಗೆದುಕೊಂಡು ಇದರದ್ದೇ ನಕಲು ಮಗಳ ಹತ್ತಿರ ಇಡಲು ಸಾಧ್ಯವಾ ನೋಡಿ. ಒಂದು ಡಿಸ್ಕ್‌ನಲ್ಲಿ ಮಾತ್ರ ಇರುವ ಫೋಟೋ ಆ ಡಿಸ್ಕ್ ಇರುವವರೆಗೆ ಮಾತ್ರ.

ಪ್ರಶ್ನೆ: ಗೂಗಲ್ 15 ಜಿಬಿ ತುಂಬಿದೆ ಅನ್ನುತ್ತದೆ, ಇಮೇಲ್ ಬರುವುದು ನಿಂತಿದೆ. ಹಳೇ ಫೋಟೋ ಎಲ್ಲ ಅಳಿಸಿದೆ, ಜಾಗ ಆಗಲೇ ಇಲ್ಲ.
ನಿವೃತ್ತ ಅಧ್ಯಾಪಕರು, ಮಂಜೇಶ್ವರ

ಉತ್ತರ: ಕೂಡಲೇ ಗೂಗಲ್ ಫೋಟೋಸ್‌ನ ಟ್ರ್ಯಾಶ್ ತೆರೆದು ಅಳಿಸಿದ್ದನ್ನು ವಾಪಸ್ ತನ್ನಿ. ಬ್ಯಾಕಪ್ ಆಗಿದ್ದ ಫೋಟೋ ಅಲ್ಲಿ 60 ದಿನ ಇರುತ್ತದೆ. 2021ರ ಜೂನ್ 1ಕ್ಕಿಂತ ಮೊದಲು 'ಹೈ ಕ್ವಾಲಿಟಿ'ಯಲ್ಲಿ ಹಾಕಿದ ಫೋಟೋಗಳು ಆ 15 ಜಿಬಿಯ ಲೆಕ್ಕಕ್ಕೇ ಬರುವುದಿಲ್ಲ. ಅವನ್ನು ಅಳಿಸಿದರೆ ಫೋಟೋ ಹೋಗುತ್ತದೆಯೇ ಹೊರತು ಜಾಗ ಸಿಗುವುದಿಲ್ಲ. ತುಂಬಿರುವುದು ಅದರ ಆಮೇಲಿನವುಗಳಿಂದ, ಅದರಲ್ಲೂ ವಿಡಿಯೋಗಳಿಂದ.

ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ ಎನ್ನುವುದನ್ನೂ ನೆನಪಿಡಿ. ಹಾಗಾಗಿ ಅಳಿಸುವ ಮೊದಲು ಇಳಿಸಿಕೊಳ್ಳಿ. ಕಂಪ್ಯೂಟರ್‌ನಲ್ಲಿ ಗೂಗಲ್ ಟೇಕ್‌ಔಟ್ (ಗೂಗಲ್‌ನಲ್ಲಿರುವ ನಮ್ಮದನ್ನೆಲ್ಲ ಇಳಿಸಿಕೊಳ್ಳುವ ತಾಣ) ತೆರೆದು ಫೋಟೋಸ್ ಒಂದನ್ನೇ ಆರಿಸಿ, 2 ಜಿಬಿಯ ತುಂಡುಗಳಾಗಿ ಕೇಳಿ, ಒಂದೊಂದಾಗಿ ಇಳಿಸಿ. ಪ್ರತಿ ಫೋಟೋ ಜೊತೆ ಜೇಸನ್ ಎನ್ನುವ ಚಿಕ್ಕ ಫೈಲ್ ಬರುತ್ತದೆ, ನೀವು ಬರೆದ ವಿವರಣೆ, ತಿದ್ದಿದ ದಿನಾಂಕ ಅದರಲ್ಲಿರುತ್ತದೆ. ಕಸ ಅಂತ ಎಸೆಯಬೇಡಿ. ಎಲ್ಲ ಬಂದು, ತೆರೆದು ನೋಡಿದ ಮೇಲೆ ದೊಡ್ಡ ವಿಡಿಯೋಗಳಿಂದ ಅಳಿಸಲು ಶುರು ಮಾಡಿ.

ಪ್ರಶ್ನೆ: ಶೇರ್‌ಇಟ್ ನಿಂತ ಮೇಲೆ ಐಫೋನ್, ಆಂಡ್ರಾಯ್ಡ್ ಮಧ್ಯೆ ಕಳಿಸಲು ಏನಿದೆ? ನಮ್ಮ ಗುಡ್ಡದ ಮನೆಯಲ್ಲಿ ನೆಟ್ ಇಲ್ಲವೆಂದೇ ಹೇಳಬೇಕು.
ವಿದ್ಯಾರ್ಥಿ, ಬದಿಯಡ್ಕ

ಉತ್ತರ: ಶೇರ್‌ಇಟ್, ಕ್ಸೆಂಡರ್ ಎರಡೂ 2020ರ ಜೂನ್‌ನಲ್ಲಿ ಸರಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿದ್ದವು. ಈಗ ಲೋಕಲ್‌ಸೆಂಡ್ ಎನ್ನುವ ಆ್ಯಪ್ ಹಾಕಿಕೊಳ್ಳಿ. ದುಡ್ಡಿಲ್ಲ, ಜಾಹೀರಾತಿಲ್ಲ, ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್ ಎಲ್ಲದಕ್ಕೂ ಇದೆ. ಒಬ್ಬರು ಹಾಟ್‌ಸ್ಪಾಟ್ ಆನ್ ಮಾಡಿ ಇನ್ನೊಬ್ಬರು ಅದಕ್ಕೆ ಸೇರಿಕೊಂಡರೆ ಸಾಕು, ಇಂಟರ್ನೆಟ್ ಬೇಡ, ಡೇಟಾ ಖರ್ಚಾಗುವುದಿಲ್ಲ, ಫೋಟೋ ಮೂಲ ಗಾತ್ರದಲ್ಲೇ ಹೋಗುತ್ತದೆ. ಐಫೋನ್‌ನಲ್ಲಿ ಮೊದಲ ಸಲ 'ಲೋಕಲ್ ನೆಟ್‌ವರ್ಕ್' ಅನುಮತಿ ಕೇಳುತ್ತದೆ, ಕೊಡಿ. ಇಲ್ಲದಿದ್ದರೆ ಒಂದು ಫೋನಿಗೆ ಇನ್ನೊಂದು ಕಾಣುವುದಿಲ್ಲ.

ಪ್ರಶ್ನೆ ಕಳಿಸುವವರು ಫೋನಿನ ಮಾಡೆಲ್, ಕಂಪ್ಯೂಟರ್‌ನಲ್ಲಿರುವ ವಿಂಡೋಸ್ ಯಾವುದು, ಪರದೆಯ ಮೇಲೆ ಬಂದ ಸಂದೇಶ ಏನು ಎನ್ನುವುದನ್ನು ಇದ್ದ ಹಾಗೇ ಬರೆದು ಕಳಿಸಿ.