ಇಸಿಜಿ ನಾರ್ಮಲ್ ಬಂದರೂ ಎದೆ ಯಾಕೆ ಡವಡವ?

ಹಾಸನದಿಂದ ಶಿಕ್ಷಕಿಯೊಬ್ಬರು ಬರೆದಿದ್ದಾರೆ: “2022ರ ಜನವರಿಯಲ್ಲಿ ಕೊರೊನಾ ಬಂದು ಮನೆಯಲ್ಲೇ ವಾಸಿಯಾಯಿತು. ಆಮೇಲಿಂದ ಬೋರ್ಡ್ ಮುಂದೆ ಸ್ವಲ್ಪ ಹೊತ್ತು ನಿಂತರೂ ಎದೆ ಡವಡವ ಹೊಡೆದುಕೊಳ್ಳುತ್ತದೆ, ತಲೆ ಸುತ್ತಿದ ಹಾಗಾಗುತ್ತದೆ. ಕೂತರೆ ಸರಿಹೋಗುತ್ತದೆ. ಇಸಿಜಿ ನಾರ್ಮಲ್. ಡಾಕ್ಟರು ಟೆನ್ಷನ್ ಅಂದರು, ಮನೆಯವರು ಗ್ಯಾಸ್ಟ್ರಿಕ್ ಅನ್ನುತ್ತಾರೆ. ನಮ್ಮೂರಿನ ಸಾವಿನ ಸುದ್ದಿ ಓದಿ ಭಯವಾಗಿದೆ. ಇದು ಕೊರೊನಾದಿಂದಲೋ, ಲಸಿಕೆಯಿಂದಲೋ? ವಾಕಿಂಗ್ ಬಿಡಬೇಕಾ?”

ಮೇಡಂ, ನಾನು ಡಾಕ್ಟರಲ್ಲ. ಓದಿ ತಿಳಿದುಕೊಂಡಿದ್ದನ್ನು ಹೇಳುತ್ತೇನೆ, ಔಷಧಿ ಹೇಳುವುದಿಲ್ಲ.

ಮೊದಲು ನಿಮ್ಮೂರಿನ ಭಯ. 2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಸರ್ಕಾರದ ತಜ್ಞರ ಸಮಿತಿ ಜಯದೇವ ಆಸ್ಪತ್ರೆಯ 251 ರೋಗಿಗಳ ವಿವರ ನೋಡಿತು. ಚಿಕ್ಕ ವಯಸ್ಸಿನ ಹೃದಯರೋಗಕ್ಕೂ ಹಿಂದೆ ಬಂದ ಕೊರೊನಾಕ್ಕೂ ಲಸಿಕೆಗೂ ನೇರ ನಂಟು ಕಾಣಲಿಲ್ಲ ಎಂದಿತು. ಅಲ್ಲಿ ಮುಖ್ಯವಾಗಿ ನೋಡಿದ್ದು ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆಯನ್ನು. ನೀವು ಬರೆದಿರುವುದು ಬಡಿತದ ತೊಂದರೆ. ಎರಡನ್ನೂ ‘ಹಾರ್ಟ್ ಪ್ರಾಬ್ಲಂ’ ಎಂದು ಒಂದೇ ಗಂಟಿಗೆ ಕಟ್ಟಿ ಸುಮ್ನೆ ಹೆದರಬೇಡಿ.

ಕೊರೊನಾ ಬಡಿತವನ್ನು ಕೆಡಿಸುತ್ತದಾ? ಕೆಡಿಸಬಹುದು. 2020ರ ಶುರುವಿನಲ್ಲೇ ವುಹಾನ್‌ನ ಒಂದು ಆಸ್ಪತ್ರೆಗೆ ಸೇರಿದ್ದ 138 ರೋಗಿಗಳಲ್ಲಿ ಸುಮಾರು 17 ಶೇಕಡಾ ಜನರಿಗೆ ಬಡಿತ ಏರುಪೇರಾಗಿತ್ತು. ಐಸಿಯುನಲ್ಲಿದ್ದವರಲ್ಲಿ ಅದು 44 ಶೇಕಡಾ. ಫಿಲಡೆಲ್ಫಿಯಾದಲ್ಲಿ 700 ರೋಗಿಗಳನ್ನು ಗಮನಿಸಿದಾಗ ಒಂಬತ್ತು ಜನರ ಹೃದಯ ನಿಂತಿತು. ಒಂಬತ್ತೂ ಜನ ಐಸಿಯುನಲ್ಲಿದ್ದವರು. ಅಂದರೆ ವೈರಸ್ ನೇರವಾಗಿ ಹೃದಯಕ್ಕೆ ಕೈಹಾಕುವುದಕ್ಕಿಂತ ಇಡೀ ಮೈ ಕುಸಿದಿದ್ದೇ ದೊಡ್ಡ ಕಾರಣ. ಜ್ವರ, ಆಕ್ಸಿಜನ್ ಇಳಿಯುವುದು, ಪೊಟ್ಯಾಸಿಯಂ ಕಡಿಮೆಯಾಗುವುದು, ಎಲ್ಲವೂ ಸೇರಿಕೊಳ್ಳುತ್ತವೆ.

ಮನೆಯಲ್ಲೇ ವಾಸಿಯಾದವರ ಕಥೆ ಬೇರೆ. ಅಮೆರಿಕದಲ್ಲಿ ಕೊರೊನಾ ಬಂದು ಹೋಗಿದ್ದ 1,53,760 ಮಾಜಿ ಸೈನಿಕರ ದಾಖಲೆಗಳನ್ನು ನೋಡಿ 2022ರಲ್ಲಿ ಒಂದು ವರದಿ ಬಂತು. ಒಂದು ವರ್ಷದೊಳಗೆ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳು ತಾಳತಪ್ಪಿ ನಡುಗುವ ತೊಂದರೆ, ಕೊರೊನಾ ಬರದವರಿಗಿಂತ ಸಾವಿರಕ್ಕೆ ಸುಮಾರು 11 ಜನರಲ್ಲಿ ಜಾಸ್ತಿ ಕಂಡಿತ್ತು. ಆಸ್ಪತ್ರೆ ಸೇರದವರಲ್ಲೂ ಅಪಾಯ ಸ್ವಲ್ಪ ಹೆಚ್ಚಿತ್ತು. ಆದರೆ ಅವರಲ್ಲಿ ಬಹುಪಾಲು ವಯಸ್ಸಾದ ಗಂಡಸರು. ಆ ಲೆಕ್ಕವನ್ನು ಹಾಗೇ ತಂದು ನಿಮ್ಮ ಮೇಲೆ ಹೊರಿಸಲಾಗದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಒಂದೇ ಸಾಲು: ನಿಂತರೆ ಶುರು, ಕೂತರೆ ಸರಿ. ಎದ್ದು ನಿಂತಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ. ಅದನ್ನು ಮೇಲಕ್ಕೆ ದಬ್ಬಲು ನರಗಳು ರಕ್ತನಾಳಗಳನ್ನು ಬಿಗಿ ಮಾಡಬೇಕು. ಕೊರೊನಾ ಆದ ಮೇಲೆ ಕೆಲವರಲ್ಲಿ ಈ ಹಿಡಿತ ತಪ್ಪುತ್ತದೆ, ಆಗ ಹೃದಯ ಓಡತೊಡಗುತ್ತದೆ. ಡಾಕ್ಟರುಗಳು ಇದಕ್ಕೆ ‘ಪಾಟ್ಸ್’ ಅನ್ನುತ್ತಾರೆ. ಹೆಂಗಸರಲ್ಲೇ ಜಾಸ್ತಿ. ಟೆನ್ಷನ್ ಅಂತ ಕೈತೊಳೆದುಕೊಳ್ಳುವುದೂ ಹೆಂಗಸರ ವಿಷಯದಲ್ಲೇ ಜಾಸ್ತಿ, ಅಲ್ವಾ?

ಮನೆಯಲ್ಲೇ ಒಂದು ಲೆಕ್ಕ ಇಡಬಹುದು. ಬೆಳಿಗ್ಗೆ ಕಾಫಿಗೆ ಮುಂಚೆ ಹತ್ತು ನಿಮಿಷ ಅಂಗಾತ ಮಲಗಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ಆಮೇಲೆ ಎದ್ದು ನಿಲ್ಲಿ. ಗೋಡೆಗೆ ಒರಗಬೇಡಿ, ಓಡಾಡಬೇಡಿ. ಎರಡು, ಐದು, ಹತ್ತನೇ ನಿಮಿಷಕ್ಕೆ ಮತ್ತೆ ಎಣಿಸಿ ಬರೆದಿಡಿ. ಪಕ್ಕದಲ್ಲಿ ಯಾರಾದರೂ ಇರಲಿ, ಕಣ್ಣು ಕತ್ತಲೆ ಬಂದರೆ ಕೂತುಬಿಡಿ. ಬಿಪಿ ಇಳಿಯದೆ ನಾಡಿ ಮಾತ್ರ ಮಲಗಿದ್ದಾಗಿನ ಲೆಕ್ಕಕ್ಕಿಂತ ನಿಮಿಷಕ್ಕೆ 30 ಅಥವಾ ಇನ್ನೂ ಹೆಚ್ಚು ಏರಿ ಹಾಗೇ ನಿಂತರೆ ಆ ಚೀಟಿಯನ್ನು ಡಾಕ್ಟರ ಮೇಜಿನ ಮೇಲಿಡಿ. ನಾಡಿ ತಾಳವಿಲ್ಲದೆ ಸಿಕ್ಕಾಪಟ್ಟೆ ಬಡಿಯುತ್ತಿದ್ದರೆ ಅದನ್ನೂ ಬರೆಯಿರಿ, ಅದು ಬೇರೆ ತೊಂದರೆಯ ಸುಳಿವು.

ಇಸಿಜಿ ನಾರ್ಮಲ್ ಬಂದಿದ್ದು ಒಳ್ಳೆಯದೇ. ಆದರೆ ಸಾಮಾನ್ಯ ಇಸಿಜಿ ಹಿಡಿಯುವುದು ಹತ್ತು ಸೆಕೆಂಡಿನ ಬಡಿತ, ಅದೂ ಮಲಗಿದಾಗ. ನಿಮ್ಮ ತೊಂದರೆ ಬರುವುದು ನಿಂತಾಗ! 24 ಗಂಟೆ ಮೈಮೇಲೆ ಕಟ್ಟಿಕೊಂಡು ಓಡಾಡುವ, ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಬೇಕಾ ಎಂದು ಕೇಳಿ. ಥೈರಾಯ್ಡ್, ಹಿಮೋಗ್ಲೋಬಿನ್ ಎರಡನ್ನೂ ನೋಡಿಸಿ. ಎದೆ ಡವಡವ ಅನ್ನಿಸಲು ಇವೆರಡೂ ಸಾಕು, ಕೊರೊನಾದ ಹಂಗೇ ಬೇಡ.

ಲಸಿಕೆಯ ಮಾತು. ಲಸಿಕೆಯಿಂದ ಹೃದಯದ ಸ್ನಾಯು ಊದಿಕೊಂಡ ಅಪರೂಪದ ಪ್ರಕರಣಗಳು ಮುಖ್ಯವಾಗಿ ಫೈಜರ್, ಮಾಡರ್ನಾ ಹಾಕಿಸಿಕೊಂಡ ಹುಡುಗರಲ್ಲಿ ಕಂಡವು. ನಮ್ಮಲ್ಲಿ ಬಹುತೇಕರಿಗೆ ಹಾಕಿದ್ದು ಕೋವಿಶೀಲ್ಡ್ ಅಥವಾ ಕೋವ್ಯಾಕ್ಸಿನ್. ವಾಟ್ಸಾಪ್ ಎಲ್ಲವನ್ನೂ ಕಲಸಿ ಬಡಿಸುತ್ತದೆ.

ವಾಕಿಂಗ್ ಪೂರ್ತಿ ಬಿಡಬೇಡಿ. ಡಾಕ್ಟರು ನೋಡುವವರೆಗೆ ಓಟ, ಏದುಸಿರು ಬರುವಂಥ ವ್ಯಾಯಾಮ ಬೇಡ. ಪ್ರಜ್ಞೆ ತಪ್ಪಿದರೆ, ಎದೆ ನೋವು ಬಂದರೆ, ಕೂತಲ್ಲೇ ಉಸಿರು ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಪಾಟ್ಸ್ ಎಂದು ಖಾತ್ರಿಯಾದರೆ ನೀರು, ಉಪ್ಪು ಜಾಸ್ತಿ ತೆಗೆದುಕೊಳ್ಳಿ ಅನ್ನಬಹುದು. ನಿಮಗೆ ಬಿಪಿ ಇದೆಯೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ, ಹಾಗಾಗಿ ಉಪ್ಪಿನ ವಿಷಯ ಮಾತ್ರ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

– ಸಂಪಾದಕ